ಮುಂಬಾಗಿಲು ತುಳಿಯದ ನಮ್ಮತ್ತೆ

ನಂಜನಗೂಡಿನಿಂದ ಟಿ. ನರಸೀಪುರದವರೆಗೆ ನಮ್ಮತ್ತೆಯಂಥ, ಅಂದರೆ ನಮ್ಮಪ್ಪನ ಒಡಹುಟ್ಟಿದವಳಂಥ ಹಟಮಾರಿ ಹೆಂಗಸು ಇನ್ನೊಬ್ಬಳಿದ್ದರೆ ತೋರಿಸಿ, ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ! ಅರುವತ್ತು ವರ್ಷ ತನ್ನ ಸ್ವಂತ ಮನೆಗೆ ಹಿಂಬಾಗಿಲಿಂದಲೇ ಬಂದು ಹೋದವಳು ಅವಳು. ಮನೆಯೇನು ಗುಡಿಸಲೇ? ಹೆಮ್ಮಿಗೆ ಕಡೆ ಯಾರನ್ನಾದರೂ ಕೇಳಿ, ದೊಡ್ಡಮನೆ ಎಂದರೆ ನಮ್ಮದೇ. ಎರಡು ತೊಟ್ಟಿ, ನಲವತ್ತು ಕಂಬ, ಆನೆ, ಬಳ್ಳಿ ಕೆತ್ತಿದ ಮುಂಬಾಗಿಲು. ಆ ಬಾಗಿಲು ನೋಡಲು ಮೈಸೂರಿನಿಂದ ಜನ ಬರುತ್ತಿದ್ದರು. ನಮ್ಮತ್ತೆ ಮಾತ್ರ ಅದಕ್ಕೆ ಬೆನ್ನು ತೋರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ದನದ ಕೊಟ್ಟಿಗೆ ಸುತ್ತಿಕೊಂಡು ಒಳಗೆ ಬರುತ್ತಿದ್ದಳು.

ಯಾಕೆ ಅಂತೀರಾ? ಅವಳು ಎಂಟು ವರ್ಷದವಳಿದ್ದಾಗ ಅವಳ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ಸಣ್ಣಿ, ನಮ್ಮ ಗದ್ದೆಯಲ್ಲಿ ದುಡಿಯುತ್ತಿದ್ದ ಆಳಿನ ಮಗಳು, ಹಾರಿಹೋದ ಬಿಲ್ಲೆ ಹುಡುಕಿಕೊಂಡು ಮುಂಬಾಗಿಲ ಹೊಸಿಲು ತುಳಿದಳಂತೆ. ನಮ್ಮ ತಾತ ಅವಳನ್ನು ಅಟ್ಟಿ, ಹೊಸಿಲಿಗೆ ಸಗಣಿ ನೀರು ಹಾಕಿಸಿ ತೊಳೆಸಿದರಂತೆ. ಸಣ್ಣಿ ಈ ಬಾಗಿಲಲ್ಲಿ ಬರುವವರೆಗೆ ನಾನೂ ಬರಲ್ಲ ಎಂದು ಅತ್ತೆ ಅಂಗಳದಲ್ಲೇ ನಿಂತುಬಿಟ್ಟಳಂತೆ. ಮಕ್ಕಳ ಮಾತು, ಬೆಳಗಾದರೆ ಮರೆಯುತ್ತಾಳೆ ಎಂದು ಎಲ್ಲರೂ ನಕ್ಕರು. ನಕ್ಕವರೆಲ್ಲ ಸತ್ತರು, ಮಾತು ಸಾಯಲಿಲ್ಲ.

ಮದುವೆಯ ದಿನ ಏನಾಯಿತು ಗೊತ್ತೇ? ಹೆಣ್ಣು ಗಂಡಿಗೆ ಆರತಿ ಎತ್ತಲು ಮುತ್ತೈದೆಯರು ತಟ್ಟೆ ಹಿಡಿದು ಹೊಸಿಲಲ್ಲಿ ನಿಂತಿದ್ದಾರೆ. ಸೇರು ಒದೆಯಬೇಕಾದ ಮದುವಣಗಿತ್ತಿ ಮಾಯ! ಹುಡುಕಿದರೆ ಬಾಸಿಂಗದ ಸಮೇತ ಕೊಟ್ಟಿಗೆ ದಾಟಿ ಒಳಗೆ ಬಂದು, ಅಡುಗೆಮನೆಯಲ್ಲಿ ಒಬ್ಬಟ್ಟು ತಿನ್ನುತ್ತಿದ್ದಾಳೆ. ಮನೆಅಳಿಯನಾಗಿ ಬಂದ ನಮ್ಮ ಮಾವ ಪಾಪ ಒಬ್ಬರೇ ಆರತಿ ಮಾಡಿಸಿಕೊಂಡರು, ಸೇರನ್ನೂ ಅವರೇ ಒದ್ದರು.

ತಾತ ಹೋದರು, ಮಾವ ಹೋದರು, ನಮ್ಮಪ್ಪನೂ ಹೋದರು. ಮನೆ ಅತ್ತೆಗೂ ನನಗೂ ಉಳಿಯಿತು. ಇನ್ನು ಅಡ್ಡಿ ಯಾರು? ಅತ್ತೆ ಸಣ್ಣಿಯ ಬೀದಿಗೆ ಹೋಗಿ ಕರೆದಳು. ಆಗ ಸಣ್ಣಿ ಮೊಮ್ಮಕ್ಕಳನ್ನು ಕಂಡ ಸಣ್ಣಮ್ಮ. ಅವಳ ಹಟ ನಮ್ಮತ್ತೆಯದಕ್ಕಿಂತ ಒಂದು ಗೇಣು ಉದ್ದ.

"ನೀವು ಕರುದು ನಾನು ಬಂದ್ರೆ ಅದು ನಿಮ್ಮ ದೊಡ್ಡಗುಣ ಆಯ್ತದೆ ಕನ್ರವ್ವ. ನಿಮ್ಮ ದೊಡ್ಡಗುಣ ಕಟ್ಕಂಡು ನನಗೇನಾಗ್ಬೇಕು? ಬಂದ್ರೆ ನನ್ನ ಪಾಡಿಗೆ ನಾನು ಬರ್ಬೇಕು."

ಅತ್ತೆ ಎರಡು ದಿನ ಮನೆಯ ಸುತ್ತ ಸುತ್ತು ಹಾಕಿದಳು. ಮೂರನೆಯ ದಿನ, ಮನೆಯನ್ನು ಮ್ಯೂಸಿಯಂ ಮಾಡೋಕೆ ಕೊಡೋಣ ಎಂದಳು. ನನಗೆ ಎದೆ ಒಡೆಯಿತು. ನಾನು ಅದನ್ನು ಮದುವೆ ಛತ್ರ ಮಾಡುವ ಕನಸಿನಲ್ಲಿದ್ದೆ!

"ಛತ್ರಕ್ಕೆ ಬೀಗರು ಕರುದ್ರೇನೇ ಬರ್ಬೇಕು ಕಣ್ಲಾ ಮಂಗ," ಎಂದಳು ಅತ್ತೆ. "ಮ್ಯೂಸಿಯಂಗೆ ಯಾರೂ ಯಾರ್ನೂ ಕರೆಯಂಗಿಲ್ಲ. ನೀನ್ಯಾರು ಅಂತ ಕೇಳಂಗೂ ಇಲ್ಲ."

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಟ್ರಸ್ಟಿನವರು ಬಂದು ಮನೆ ವಹಿಸಿಕೊಂಡರು. ಪಲ್ಲಕ್ಕಿ, ಕತ್ತಿ, ಕಡತ ಎಲ್ಲಕ್ಕೂ ಚೀಟಿ ಅಂಟಿತು. ಮುಂಬಾಗಿಲಿಗೆ ಎದುರಾಗಿ ತಾತನ ಪಟ ಏರಿತು. ನಾನು ಸುಮ್ಮನಿರುವವನೇ? ನನ್ನ ಕಿತ್ತುಹೋದ ಹಳೆ ಚಪ್ಪಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು 'ಪೂರ್ವಿಕರ ಪಾದರಕ್ಷೆ' ಎಂದು ಚೀಟಿ ಬರೆದೆ. ಮೂರು ತಿಂಗಳು ಅದಕ್ಕೆ ಕೈ ಮುಗಿದವರಿದ್ದಾರೆ ಕಣ್ರೀ!

ಎಲ್ಲ ಸರಿ, ಆದರೆ ಆ ಮ್ಯೂಸಿಯಂ ಆಫೀಸರ್ ಒಂದು ಘನಕಾರ್ಯ ಮಾಡಿದ. ಜನರ ಕೈ ತಾಗಿ ಕೆತ್ತನೆ ಸವೆಯುತ್ತದೆ ಎಂದು ಮುಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಹೊರಗೆ ಹಗ್ಗ ಕಟ್ಟಿಸಿದ. ಟಿಕೆಟ್ ಮೇಜು ಎಲ್ಲಿ? ಕೊಟ್ಟಿಗೆಯ ಪಕ್ಕ! ದೊಡ್ಡ ದೊಡ್ಡ ಸಾಹೇಬರೆಲ್ಲ ಪಂಚೆ, ಪ್ಯಾಂಟು ಎತ್ತಿಕೊಂಡು ಹಿತ್ತಿಲಿಂದ ಒಳಗೆ ಹೋಗುವುದನ್ನು ನೋಡಿ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅತ್ತೆ ನಗಲಿಲ್ಲ. ಸಣ್ಣಮ್ಮ ದಾರಿಯಲ್ಲೇ ನಿಂತು, ಇಂಬಾಗ್ಲು ನಾನು ಕಾಣದ್ದಾ, ಅದಕ್ಕೆ ಟಿಕೀಟ್ ಬೇರೆಯಾ ಎಂದು ಕೇಳಿ ವಾಪಸು ಹೋಗಿದ್ದಳು.

ಮರುದಿನದಿಂದ ಅತ್ತೆ ಮುಂದಿನ ಜಗಲಿಯ ಮೇಲೆ ಅವರೆಕಾಯಿ ಬುಟ್ಟಿ ಇಟ್ಟುಕೊಂಡು ಧರಣಿ ಕೂತಳು. ಕಾಯಿ ಸುಲಿಯುತ್ತಾ ಬಂದವರಿಗೆಲ್ಲ, ಹಿಂದುಗಡೆ ಹಾವಿದೆ, ಹೋಗಬೇಡಿ ಎನ್ನುತ್ತಿದ್ದಳು. ಆಫೀಸರ್ ಬಂದು, ಬಾಗಿಲು ಸವೆದುಹೋಗುತ್ತೆ ತಾಯಿ ಎಂದು ಕೈ ಮುಗಿದ.

"ಸವೀಲಿ," ಎಂದಳು ಅತ್ತೆ. "ಬಾಗ್ಲು ಇರೋದೇ ಸವೆಯಕ್ಕೆ."

ಹದಿನೈದು ದಿನವಾದರೂ ಹಗ್ಗ ಬಿಚ್ಚಲಿಲ್ಲ. ಆಗ ನನ್ನ ಕೈ ತುರಿಸಿತು. ಒಂದು ಸಂಜೆ ಹಿಂಬಾಗಿಲಿಗೆ ಬೀಗ ಬಿದ್ದ ಮೇಲೆ ಅದರ ಬೀಗದ ಕೈ, ಇದ್ದ ಒಂದೇ ಒಂದು ಕೈ, ಮ್ಯೂಸಿಯಂ ಗಾರ್ಡು ನೇತುಹಾಕುತ್ತಿದ್ದ ಮೊಳೆಯಿಂದ ನನ್ನ ಜೇಬಿಗೆ, ಜೇಬಿನಿಂದ ಸೋಸಲೆ ಹತ್ತಿರ ಕಾವೇರಿಗೆ ಬಿತ್ತು. ಹೇಗೆ ಬಿತ್ತು ಎಂದು ಕೇಳಬೇಡಿ. ಬೆಳಗ್ಗೆ ನಂಜನಗೂಡಿನಿಂದ ಒಂದು ಬಸ್ಸು ತುಂಬ ಮೇಷ್ಟ್ರುಗಳು ಬಂದು ಬಿಸಿಲಲ್ಲಿ ನಿಂತರು. ಬೀಗ ಜಗ್ಗಿದರು, ಗುದ್ದಿದರು, ಅದು ನಮ್ಮ ತಾತನ ಕಾಲದ್ದು, ಜಗ್ಗುತ್ತದೆಯೇ? ಕೊನೆಗೆ ಹೆಂಚು ತೆಗೆಸಿ ಗಾರ್ಡನ್ನು ತೊಟ್ಟಿಗೆ ಇಳಿಸಿ, ಮುಂಬಾಗಿಲ ಅಗುಳಿ ತೆಗೆಸಬೇಕಾಯಿತು. ತೆಗೆದದ್ದೇ ತಡ, ಅತ್ತೆ ಒರಳಿನ ಗುಂಡು ಉರುಳಿಸಿ ತಂದು, ಹೊಸಿಲು ತುಳಿಯದೆ ಹೊರಗಿನಿಂದಲೇ ಬಾಗಿಲಿಗೆ ಒತ್ತಿಟ್ಟು, ಈಗ ಮುಚ್ಚು ನೋಡಾನ ಎಂದಳು. ಅವತ್ತಿನಿಂದ ಅದು ಮುಚ್ಚಿಲ್ಲ.

ಅದೇ ಮಧ್ಯಾಹ್ನ ಸುದ್ದಿ ಕೇಳಿ ಸಣ್ಣಮ್ಮ ಬಂದಳು, ತಾನೇ ಕೊಂಡ ಟಿಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದು. ಅವಳು ಬರುವುದು ಕಂಡು ನಾನು ಓಡಿಹೋಗಿ ತಾತನ ಪಟವನ್ನು ಗೋಡೆಗೆ ಮುಖ ಮಾಡಿ ನೇತುಹಾಕಿದ್ದೆ. ಮುದುಕಿ ಆ ಮೀಸೆ ನೋಡಿ ಅಳುಕಬಾರದಲ್ಲ! ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೆಟ್ಟಿಲ ಹತ್ತಿರ ಸಣ್ಣಮ್ಮ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟಳು. ಗಾರ್ಡು ತಲೆ ಎತ್ತದೆ ಹೇಳಿದ, "ಮೆಟ್ಟು ಆಕ್ಕಂಡೇ ಬನ್ನಿ ಅಜ್ಜಿ. ಇಲ್ಲಿ ಎಲ್ರೂ ಅಂಗೇ ಬರಾದು."

ಅವಳು ಮತ್ತೆ ಮೆಟ್ಟಿಕೊಂಡಳು. ಅತ್ತೆ ಅವಳ ಪಕ್ಕಕ್ಕೆ ಬಂದು ನಿಂತಳು. ಇಬ್ಬರೂ ಒಟ್ಟಿಗೆ ಹೊಸಿಲು ದಾಟಿದರು. ಒಳಗೆ ಬಂದ ಸಣ್ಣಮ್ಮನ ಕಣ್ಣು ನೇರವಾಗಿ ಪಟದ ಬೆನ್ನಿನ ಮೇಲೆ ಬಿತ್ತು.

"ಅದ್ಯಾರ್ ಪಟ ಬುದ್ಧಿ?"

"ತಾತಂದು," ಎಂದೆ.

"ಈ ಕಡೀಕೆ ತಿರುಗ್ಸಿ," ಎಂದಳು ಸಣ್ಣಮ್ಮ. "ನೋಡ್ಲಿ."

ತಿರುಗಿಸಿದೆ. ಎಪ್ಪತ್ತು ವರ್ಷದ ಇಬ್ಬರು ಹುಡುಗಿಯರು ತಾತನ ಎದುರಿಗೆ ಕೈ ಕೈ ಹಿಡಿದು ನಿಂತಿದ್ದರು. ಊರನ್ನೆಲ್ಲ ಗೋಳು ಹೊಯ್ದುಕೊಂಡ ಈ ಕೈಗೆ ಪಟವನ್ನು ನೆಟ್ಟಗೆ ನಿಲ್ಲಿಸಲು ಆಗಲಿಲ್ಲ.

ಇವತ್ತಿಗೂ ಅದು ಸೊಟ್ಟಗೇ ಇದೆ.