ನಾನು ಕಂಡೆನೆಂದುಕೊಂಡ ಹಾಯಿದೋಣಿ ಪಂದ್ಯ

ಸಮುದ್ರವನ್ನು ದಿನವೂ ನೋಡುವವರು ಅದರ ಬಗ್ಗೆ ಮಾತಾಡುವುದಿಲ್ಲ. ಒಮ್ಮೆಯೂ ನೋಡದವರಿಗೆ ಮಾತಾಡಲು ಏನೂ ಇರುವುದಿಲ್ಲ. ಒಂದೇ ಒಂದು ಸಲ ನೋಡಿ ಬಂದವರಿದ್ದಾರಲ್ಲ, ಅವರಿಂದ ಸ್ವಲ್ಪ ದೂರ ಇರಬೇಕು. ನಾನು ಈ ಮೂರನೆಯ ಜಾತಿಯವನು. ಹುಟ್ಟಿದ್ದು ಚಾಮರಾಜನಗರದಲ್ಲಿ, ಮೇಷ್ಟರಾಗಿರುವುದು ಗುಂಡ್ಲುಪೇಟೆಯಲ್ಲಿ. ಕೆರೆ ತುಂಬಿದರೆ ಊರೆಲ್ಲ ಏರಿಯ ಮೇಲೆ ನಿಂತು ನೋಡುವ ಸೀಮೆ ಇದು. ಇಲ್ಲಿ ಕುಳಿತುಕೊಂಡೇ ಪ್ರತಿ ಮಾರ್ಗಶಿರದಲ್ಲಿ, ಚಳಿ ಬಿತ್ತೆಂದರೆ ಸಾಕು, ಕುಂದಾಪುರದ ಕಡೆ ನಾನು ಕಂಡ ಹಾಯಿದೋಣಿ ಪಂದ್ಯದ ನೆನಪು ನನಗೆ ಮರುಕಳಿಸುವ ಜ್ವರದಂತೆ ಬರುತ್ತದೆ. ಜ್ವರವಾದರೆ ಕಷಾಯ ಕುಡಿದು ಮಲಗಬಹುದು. ಇದಕ್ಕೆ ಯಾರಿಗಾದರೂ ಹೇಳಿಕೊಳ್ಳುವುದೇ ಮದ್ದು.

ಹಾಗೆ ನಾನು ಹೇಳಿಕೊಂಡವರಲ್ಲಿ ಈರುಳ್ಳಿ ಮಂಡಿಯ ಲಾರಿ ಡ್ರೈವರನೂ ಒಬ್ಬ. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯ ಸದಾನಂದ ರಜೆಗೆ ತನ್ನ ಊರಿಗೆ ಕರೆದೊಯ್ದದ್ದು, ವರ್ಷಕ್ಕೊಮ್ಮೆ ನಡೆಯುವ ಪಂದ್ಯಕ್ಕೆ ದೋಣಿಗಳು ಸಾಲಾಗಿ ನಿಂತದ್ದು, ಹಾಯಿ ಬಿಚ್ಚಿದ್ದೇ ತಡ ಬೆಳ್ಳಕ್ಕಿಯ ಹಿಂಡಿನಂತೆ ಹಾರಿಹೋದದ್ದು, ಎಲ್ಲವನ್ನೂ ಅವನಿಗೆ ಬಣ್ಣಿಸಿದೆ. ಅವನು ಬೀಡಿ ಆರಿಸಿ ಹೇಳಿದ: “ನಾನು ವಾರವಾರ ಕಲ್ಲಿಕೋಟೆಗೆ ಓಯ್ತೀನಿ ಮೇಷ್ಟ್ರೇ. ಸಮುದ್ರ ಅಲ್ಲೇ ಬಿದ್ದದೆ. ಅದು ಎಲ್ಲಿಗೂ ಓಗಕ್ಕಿಲ್ಲ ಬುಡಿ.”

ಹೆಚ್ಚು ಕೇಳಿಸಿಕೊಂಡವಳು ಮಾತ್ರ ನನ್ನ ಹೆಂಡತಿ ಮಾದೇವಿ. ಅವಳು ಭೀಮನಬೀಡಿನ ರೈತರ ಮಗಳು, ಸಮುದ್ರ ನೋಡಿದವಳಲ್ಲ. ಮದುವೆಯಾದ ಹೊಸದರಲ್ಲಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಆಮೇಲಾಮೇಲೆ ತಿದ್ದುವುದಕ್ಕೆ ಶುರು ಮಾಡಿದಳು. “ಓದ ವರ್ಷ ಕೆಂಪು ಹಾಯಿ ಮುಂದಿತ್ತು ಅಂದಿದ್ರಿ. ಈ ವರ್ಷ ಬಿಳೀದು ಮುಂದಕ್ಕೆ ಬಂದ್ಬುಡ್ತಲ್ರೀ?” ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ಬರೆದವನು ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವುದಿಲ್ಲ. ಅವಳು ನಂಬಿದ್ದಳು. ಕತೆ ಮುಗಿದಾಗೆಲ್ಲ ಒಂದೇ ಮಾತು ಕೇಳುತ್ತಿದ್ದಳು: “ನಂಗೂ ಒಂದ್ಸಲ ತೋರುಸ್ತೀರಾ?” ಮುಂದಿನ ವರ್ಷ ಎನ್ನುತ್ತಿದ್ದೆ. ಒಂದು ವರ್ಷ ಪರೀಕ್ಷೆ, ಒಂದು ವರ್ಷ ಬಾಣಂತನ, ಒಂದು ವರ್ಷ ಮಾವನವರ ಒಕ್ಕಣೆ. ಮುಂದಿನ ವರ್ಷ ಎಂಬುದು ನಮ್ಮ ಮನೆಯಲ್ಲಿ ಸಮುದ್ರಕ್ಕಿಂತ ದೂರದ ಜಾಗ.

ಹೀಗಿರುವಾಗ ಒಂದು ಕಾರ್ತಿಕದಲ್ಲಿ ಸದಾನಂದನೇ ತನ್ನ ತಾಯಿಯನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಬಂದು ನಮ್ಮಲ್ಲಿ ಉಳಿದ. ಊಟಕ್ಕೆ ಕುಳಿತಾಗ ಮಾದೇವಿ ಬಡಿಸುತ್ತ, ನಾನು ಹೇಳಿದ್ದ ಪಂದ್ಯವನ್ನು ನನಗಿಂತ ಚೆನ್ನಾಗಿ ಅವರ ಮುಂದೆ ಹೇಳಿದಳು. ಬೆಳ್ಳಕ್ಕಿಯ ಹಿಂಡನ್ನೂ ಬಿಡಲಿಲ್ಲ. ಸದಾನಂದ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ.

“ಎಂತ ಮಾರಾಯ, ನೀನು ಬಂದ ವರ್ಷ ಗಾಳಿಯೇ ಇರಲಿಲ್ಲ ಅಲ್ದಾ? ದೋಣಿ ಇದ್ದಲ್ಲಿಂದ ಅಲ್ಲಾಡಲಿಲ್ಲ. ಹಾಯಿ ಎತ್ತಿದ ಮೇಲೆ ಹುಟ್ಟು ಮುಟ್ಟಿದವ ಸೋತ ಹಾಗೆ. ಹೊತ್ತು ಮುಳುಗುವವರೆಗೆ ಎಲ್ಲರೂ ಹಾಗೇ ಕೂತಿದ್ದರು. ನೀನು ತೆಂಗಿನ ಮರದ ಬುಡದಲ್ಲಿ ಒಳ್ಳೆ ನಿದ್ದೆ ಹೊಡೆದಿ.”

ನಾನು ಅನ್ನದ ಮೇಲೆ ಸಾರು ಹುಯ್ದುಕೊಂಡೆ. ಅವನು ಸುಳ್ಳು ಹೇಳುವವನಲ್ಲ. ಆದರೆ ನನ್ನ ತಲೆಯೊಳಗೆ ಹಾಯಿಗಳು ಆ ಕ್ಷಣದಲ್ಲೂ ಓಡುತ್ತಲೇ ಇದ್ದವು. ಅವು ಎಲ್ಲಿಂದ ಬಂದವು, ಯಾರ ಗಾಳಿಗೆ ಓಡುತ್ತಿದ್ದವು ಎಂದು ಇಂದಿಗೂ ನನಗೆ ತಿಳಿಯದು.

ಮಾದೇವಿ ನಗುತ್ತಾಳೆಂದುಕೊಂಡೆ. ಅವಳು ಸೌಟು ಕೆಳಗಿಟ್ಟು ಸದಾನಂದನ ತಾಯಿಯ ಎದುರು ಕುಳಿತೇಬಿಟ್ಟಳು. “ಗಾಳಿ ಬರ್ದೇ ಇದ್ರೆ ಏನ್ ಮಾಡ್ತಾರವ್ವ?”

“ಎಂತ ಮಾಡುದು ಮಗಾ, ಕಾಯುದು,” ಎಂದರು ಅವರು. “ಆ ದಿನ ನಾವು ಹೆಂಗಸರು ಮೊರ ಮುಟ್ಟುದಿಲ್ಲ. ಮನೆಯಲ್ಲಿ ಕೇರಿದರೆ ಗಾಳಿ ಇಲ್ಲೇ ಖರ್ಚಾಗ್ತದೆ ಅಂತ.”

ಮಾದೇವಿಯ ಮುಖ ಅರಳಿತು. ಮಾರ್ಗಶಿರದಲ್ಲಿ ಅವಳ ತವರಿನ ಕಣದಲ್ಲಿ ರಾಗಿ ತೂರುವ ಕೆಲಸ. ಮಾವನವರು ಮೊರ ತುಂಬಿಕೊಂಡು ಎತ್ತರದ ಮಣೆ ಹತ್ತಿ, ‘ಬಾರಪ್ಪ ವಾಯುದೇವ’ ಎಂದು ಕೂಗಿ ಕೂಗಿ ಗಾಳಿಗೆ ಕಾಯುವುದನ್ನು ನಾನೂ ಕಂಡಿದ್ದೇನೆ. ಒಮ್ಮೆ ಎಷ್ಟು ಹೊತ್ತಿಗೆ ಬರಬಹುದೆಂದು ಕೇಳಿದ್ದಕ್ಕೆ, “ನಿಮ್ಮ ಇಸ್ಕೂಲ್ ಗಂಟೆ ಕೇಳ್ಕಂಡು ಬರಕ್ಕಿಲ್ಲ ಅಳಿಯಂದ್ರೆ” ಎಂದಿದ್ದರು.

“ಅಂಗಾದ್ರೆ ನಿಮ್ಮ ಗಾಳಿ ಕದ್ದೋರು ನಾವೇ ಕಣವ್ವ,” ಎಂದಳು ಮಾದೇವಿ. “ಅವತ್ತೇ ನಮ್ಮಪ್ಪ ಕಣದಲ್ಲಿ ಕೂಗಿರ್ಬೇಕು.”

ಆ ತಾಯಿ ನಕ್ಕು ಎಲೆಯ ಮೇಲೆ ಕೈ ಇಟ್ಟುಬಿಟ್ಟರು. “ಈ ವರ್ಷ ಒಂದು ದಿನ ನಿನ್ನ ಅಪ್ಪಯ್ಯನಿಗೆ ಸುಮ್ಮನಿರಲಿಕ್ಕೆ ಹೇಳು. ನೀನು ನಮ್ಮೊಟ್ಟಿಗೆ ಬಂದು ನೋಡು. ಗಾಳಿ ಬಂದರೂ ಸೈ, ಬರದಿದ್ದರೂ ಸೈ.”

ನಾನೂ ಹೊರಡುವವನೇ. ರಜೆ ಕೇಳಿದ್ದಕ್ಕೆ ಹೆಡ್‌ಮಾಸ್ಟರು, ಅದೇ ವಾರ ಇನ್‌ಸ್ಪೆಕ್ಟರು ಬರುತ್ತಾರೆಂದೂ, ಅವರು ಸಮುದ್ರದ ಹಾಗೆ ಯಾವಾಗ ಹೋದರೂ ಸಿಗುವವರಲ್ಲವೆಂದೂ ಹೇಳಿದರು. ಮನೆಗೆ ಬಂದು ಅಭ್ಯಾಸಬಲದಿಂದ, “ಮುಂದಿನ ವರ್ಷ ಇಬ್ಬರೂ ಹೋಗೋಣ” ಎಂದೆ. ಮಾದೇವಿ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. “ನೀವು ನೋಡ್ಬುಟ್ಟಿದ್ದೀರಲ್ಲ. ನಾನು ಓಗ್ಬರ್ತೀನಿ,” ಎಂದಳು. ಮಗುವನ್ನು ಭೀಮನಬೀಡಿನಲ್ಲಿ ಬಿಟ್ಟಳು. ಅಲ್ಲಿ ಮಾವನವರು ವಿಷಯ ಕೇಳಿ, “ಒಂದಿನ ತಾನೆ, ಮೊರ ಮುಟ್ಟಕ್ಕಿಲ್ಲ ಓಗವ್ವ. ಗಾಳಿ ಅತ್ಲಾಗೇ ಓಗ್ಲಿ,” ಎಂದು ರಾಶಿಗೆ ಹುಲ್ಲು ಮುಚ್ಚಿಸಿದರಂತೆ. ಮೋಡ ಇತ್ತು, ಮಳೆಗೆ ಮುಂಚೆ ತೂರಿ ಮುಗಿಸಬೇಕಿತ್ತು. ಆದರೂ ಮುಚ್ಚಿಸಿದರು.

ಪಂದ್ಯದ ದಿನ ಮಧ್ಯಾಹ್ನ ನಾನು ಪಾಠ ಮಾಡುತ್ತಿದ್ದೆ. ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿದ್ದರು. ಅಷ್ಟರಲ್ಲಿ ಬಂತು ನೋಡಿ ಗಾಳಿ. ಅಟೆಂಡೆನ್ಸ್ ಪುಸ್ತಕದ ಹಾಳೆಗಳು ಪಟಪಟ ಎಂದವು, ಗೋಡೆಯ ಭೂಪಟ ಹೊಟ್ಟೆ ಉಬ್ಬಿಸಿಕೊಂಡಿತು. ಇಂಥ ಗಾಳಿಯನ್ನು ಗುಂಡ್ಲುಪೇಟೆಯಲ್ಲಿ ಪೋಲು ಮಾಡುತ್ತಿದ್ದೇವಲ್ಲ ಎನ್ನಿಸಿತು. ಪಟ್ಟಣದಲ್ಲಿ ಪದವಿ ಪಡೆದು ಬಂದವನು ನಾನು, ಹೋಗಿ ಒಂದೊಂದಾಗಿ ಕಿಟಕಿಗಳನ್ನು ಹಾಕಿದೆ.

“ಯಾಕ್ರೀ, ಉಸಿರು ಕಟ್ಟಲ್ವೇ?” ಎಂದರು ಇನ್‌ಸ್ಪೆಕ್ಟರು.

“ಸ್ವಲ್ಪ ಹೊತ್ತು ಅಷ್ಟೆ ಸಾರ್,” ಎಂದೆ.

ಮಾದೇವಿ ವಾರ ಬಿಟ್ಟು ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು. ಬಸ್ಸಿನಿಂದ ಇಳಿಯುತ್ತಲೇ ಕೇಳಿದೆ: “ಗಾಳಿ ಇತ್ತಾ?”

“ಇತ್ತು ಕಣ್ರೀ.”

“ಹಾಯಿ?”

“ಇದ್ವು.”

“ಹೇಗಿತ್ತು ಹೇಳೇ.”

ಅವಳು ಗಂಟು ನನ್ನ ಕೈಗೆ ಕೊಟ್ಟು, ರಸ್ತೆಯನ್ನೂ ಲಾರಿಗಳನ್ನೂ ಒಂದು ಸಲ ನೋಡಿ, ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. “ಏಳಕ್ಕೆ ಬರಕ್ಕಿಲ್ಲ ಬುಡಿ,” ಎಂದು ಮುಂದೆ ನಡೆದಳು.

ಇಂದಿಗೂ ಹೇಳಿಲ್ಲ. ಮುಚ್ಚಿಡುತ್ತಿದ್ದಾಳೆಂದಲ್ಲ, ಪಾತ್ರೆ ತೊಳೆಯುತ್ತ ತೊಳೆಯುತ್ತ ಒಮ್ಮೊಮ್ಮೆ ಕೈ ನಿಲ್ಲುತ್ತದೆ, ಏನೋ ಹೇಳಹೊರಟವಳಂತೆ ಮುಖ ಎತ್ತುತ್ತಾಳೆ, ಮತ್ತೆ ಪಾತ್ರೆ ತಿಕ್ಕುತ್ತಾಳೆ. ಆ ಹೊತ್ತು ಅವಳು ಎಲ್ಲಿರುತ್ತಾಳೋ, ಅಲ್ಲಿಗೆ ಹೋಗಬೇಕೆಂದು ನನಗೆ ಆಗುವ ಆಸೆಯನ್ನು ಬರೆಯಲು ನನಗೂ ಬರುವುದಿಲ್ಲ. ಬರುವುದಿಲ್ಲವೆಂದ ಮೇಲೆ ಸುಮ್ಮನಿರಬೇಕು. ಮೊನ್ನೆ ಕ್ಷೌರದ ಅಂಗಡಿಯಲ್ಲಿ ಯಾರೋ, “ಏನು ಗಾಳಿ, ಏನು ಹಾಯಿ ಅಂತೀರಿ! ನಾವಿಬ್ಬರೂ ದಡದಲ್ಲೇ ನಿಂತಿದ್ದೆವು” ಎಂದು ಹೇಳುತ್ತಿದ್ದರು. ಕನ್ನಡಿ ನೋಡಿದೆ. ಬಾಯಿ ಆಡುತ್ತಿದ್ದುದು ನನ್ನದೇ.