ಕಂಪನಿಯ ಮನೆಗೆ ಬುತ್ತಿ

ಭಾಗ್ಯಧಾರಾ ಪೆಟ್ರೋಲಿಯಂ ಕಂಪನಿಯ ನಿರೀಕ್ಷಿತ ಲಾಭವು ಕಳೆದ ಚಳಿಗಾಲದಲ್ಲಿ ಕೊಪ್ಪಳದಲ್ಲಿ ನಿಧನ ಹೊಂದಿತು. ನಿರೀಕ್ಷಿತ ಲಾಭ ಎಂದರೆ ಬಂದ ಲಾಭವಲ್ಲ. ಬಂದ ಲಾಭ ಆರೋಗ್ಯವಾಗಿದೆ, ಕಂಪನಿಯ ತಿಜೋರಿಯಲ್ಲಿ ಕೈಕಾಲು ಚಾಚಿಕೊಂಡು ಮಲಗಿದೆ. ಅದರ ಮೇಲೆ ಇನ್ನೂ ಬರಬೇಕಾಗಿದ್ದ, ಬಂದೇ ಬರುತ್ತದೆಂದು ಕಂಪನಿ ನಂಬಿಕೊಂಡಿದ್ದ ಲಾಭ ತೀರಿಕೊಂಡಿತು. ಹಾಗಾಗಿ ಮೃತರಿಗೆ ವಯಸ್ಸಾಗಿರಲಿಲ್ಲ. ಅವರು ಹುಟ್ಟಿಯೇ ಇರಲಿಲ್ಲವಲ್ಲ ಎಂದು ಕೆಲವರು ಪಿಸುಗುಟ್ಟಿದರು. ಇಂಥ ಹೊತ್ತಿನಲ್ಲಿ ಇಂಥ ಮಾತಾಡುವವರು ಯಾವ ಊರಲ್ಲಿಲ್ಲ?

ನಾನು ಲಾಭ-ನ್ಯಾಯ ಮಂಡಳಿಯ ಪ್ರಕಟಣೆಗಳನ್ನು ಬರೆಯುವ ಗುಮಾಸ್ತ. ಎಲ್ಲವನ್ನೂ ಹತ್ತಿರದಿಂದ ಕಂಡಿದ್ದೇನೆ, ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಲ್ಲೋ ದೂರದ ಎರಡು ದೇಶಗಳು ಯುದ್ಧ ಮಾಡಿಕೊಂಡಿದ್ದರಿಂದ ಎಣ್ಣೆಯ ಬೆಲೆ ಏರಿತ್ತು. ಕಂಪನಿಯ ಟ್ಯಾಂಕುಗಳಲ್ಲಿ ಯುದ್ಧಕ್ಕೆ ಮೊದಲೇ ಅಗ್ಗಕ್ಕೆ ಕೊಂಡ ಎಣ್ಣೆ ತುಂಬಿತ್ತು. ಅದನ್ನು ಯುದ್ಧದ ದರದಲ್ಲಿ ಮಾರಿದ್ದರಿಂದ ಲಾಭ ಮೂರು ಪಟ್ಟಾಯಿತು. ಆಮೇಲೆ ಯುದ್ಧ ನಿಂತಿತು, ಹೊರಗೆ ಬೆಲೆಯೂ ಇಳಿಯಿತು, ನಮ್ಮ ಬಂಕುಗಳ ದರ ಮಾತ್ರ ಮೇಲೆ ಹತ್ತಿದ್ದು ಮೇಲೆಯೇ ಕುಳಿತಿತು. ಈ ಲಾಭಕ್ಕೆ ಅತಿಲಾಭ ತೆರಿಗೆ ಹಾಕಬೇಕೋ ಬೇಡವೋ ಎಂದು ಜನರನ್ನು ಕೇಳಲು ಮಂಡಳಿಯು ಕೊಪ್ಪಳದ ಒಂದು ಕಲ್ಯಾಣ ಮಂಟಪದಲ್ಲಿ ಬಹಿರಂಗ ವಿಚಾರಣೆ ಇಟ್ಟಿತು. ಹಿಂದಿನ ದಿನದ ಮದುವೆಯ ಹೂವಿನ ಮಾಲೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ವೇದಿಕೆಯ ಮೇಲೆ, ಗಂಡು ಹೆಣ್ಣು ಕೂರುವ ಕುರ್ಚಿಗಳಲ್ಲಿ, ನಮ್ಮ ಮಂಡಳಿಯ ಅಧಿಕಾರಿ ಸಿದ್ದೇಶ ಅವರೂ ಕಂಪನಿಯ ವ್ಯವಸ್ಥಾಪಕಿ ದಾನೇಶ್ವರಿ ಮೇಡಂ ಅವರೂ ಕುಳಿತಿದ್ದರು. ಸಿದ್ದೇಶ ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ದೊಡ್ಡವರ ಮನಸ್ಸನ್ನಂತೂ ಮುಟ್ಟಿಯೂ ನೋಡುವುದಿಲ್ಲ.

ಮೊದಲು ಎದ್ದವನು ಕಿನ್ನಾಳದ ಮೆಹಬೂಬಸಾಬ. ಆತ ತನ್ನ ಟಂಟಂ ಆಟೋದಲ್ಲಿ ಕಿನ್ನಾಳದ ಕೂಲಿಕಾರರನ್ನು ಗಿಣಿಗೇರಾದ ಕಾರ್ಖಾನೆಗಳಿಗೆ ಒಯ್ದು ಕರೆತರುವವನು.

"ಸಾಹೇಬ್ರ, ಡೀಸೆಲ್ ಏರಿದಾಗ ಸೀಟಿಗೆ ಎರಡು ರೂಪಾಯಿ ಹೆಚ್ಚು ತಗೋತೀನಂತ ನಿಮ್ಮ ಮಂಡಳಿಗೆ ಅರ್ಜಿ ಕೊಟ್ಟಿದ್ನಿರಿ. ದುರಾಶಿ ಅಂತ ಬರದು ವಾಪಸ್ ಕಳಿಸಿದ್ರಿ. ಕಂಪನಿ ದಿನಾ ಏರಿಸಿದ್ರ ಅದಕ್ಕ ಯಾವ ಅರ್ಜಿನೂ ಇಲ್ಲ. ನನಗರ ಎರಡು ರೂಪಾಯಿ ಏರ್ಸಾಕ ಬಿಡ್ರಿ, ಇಲ್ಲಾ ಡೀಸೆಲ್ಲರ ಇಳಸ್ರಿ. ಎರಡೂ ಆಗಂಗಿಲ್ಲಂದ್ರ ನನ್ನ ಗಾಡಿ ಹೋಗತೈತ್ರಿ. ಗಾಡಿ ಹೋದ್ರ ನನ್ನ ಮನಿ ಹೋತು."

ಸಭೆ ಚಪ್ಪಾಳೆ ತಟ್ಟಿತು. ದಾನೇಶ್ವರಿ ಮೇಡಂ ಬೇಸರಿಸಿಕೊಳ್ಳಲಿಲ್ಲ.

"ನೋಡ್ರಿ ಯಜಮಾನ್ರ, ಕುಂತಲ್ಲೇ ಬಂದ ಲಾಭಕ್ಕ ಅತಿಲಾಭ ಅಂತಾರ. ನಮ್ದು ಹಂಗಲ್ಲ. ದರ ಏರ್ಸಾಕ ನಮ್ಮ ಮಂದಿ ದಿನಾ ಮುಂಜಾನೆ ಆರಕ್ಕ ಎದ್ದಾರ. ಚಳಿ ಅಂದಿಲ್ಲ, ಮಳಿ ಅಂದಿಲ್ಲ. ಇದು ದುಡಿಮಿ."

ಅಷ್ಟರಲ್ಲಿ ಅವರಿಗೆ ಫೋನು ಬಂತು. ಕೇಳಿಸಿಕೊಂಡು, ಫೋನು ಕೆಳಗಿಟ್ಟು, ತಲೆಯ ಮೇಲೆ ಸೆರಗು ಹೊದ್ದರು. ತೆರಿಗೆ ಎಂಬ ಮಾತು ಕೇಳಿದ ಆಘಾತ ತಾಳಲಾರದೆ ಈ ವರ್ಷದ ನಿರೀಕ್ಷಿತ ಲಾಭ ಈಗಷ್ಟೇ ಹೋಯಿತು ಎಂದು ತಿಳಿಸಿದರು. ಸಿದ್ದೇಶ ಎದ್ದು ನಿಂತರು. ನಾವೆಲ್ಲ ಎದ್ದು ನಿಂತೆವು. ಮೆಹಬೂಬಸಾಬ ನಿಂತೇ ಇದ್ದ, ಹಾಗಾಗಿ ಆತನಿಗೆ ತೊಂದರೆಯಾಗಲಿಲ್ಲ.

ಕಂಪನಿಯವರು ಗೋಡೆಗೆ ಒರಗಿಸಿದ್ದ ಲಾಭದ ನಕ್ಷೆಗೆ ಮದುವೆಯ ಮಾಲೆಗಳಲ್ಲೇ ಒಂದನ್ನು ಬಿಚ್ಚಿ ಹಾಕಲಾಯಿತು. ಅದರಲ್ಲಿ ಗಟ್ಟಿ ಗೆರೆ ಬಂದ ಲಾಭ, ಅದರ ತುದಿಯಿಂದ ಆಕಾಶಕ್ಕೆ ಹೊರಟ ಚುಕ್ಕಿ ಗೆರೆ ತೀರಿಕೊಂಡವರು.

"ಸತ್ತ ಮನ್ಯಾಗ ತೆರಿಗಿ ಮಾತು ಆಡಬಾರದ್ರಿ," ಎಂದು ಸಿದ್ದೇಶ ಮೆಲುದನಿಯಲ್ಲಿ ಹೇಳಿದರು. "ಸೂತಕ ಕಳದ ಮ್ಯಾಲೆ ವಿಚಾರಣಿ ಮುಂದುವರ್ಸೋಣು."

ನಮ್ಮ ಕಡೆಯ ಜನ ಎಷ್ಟೇ ಜಗಳಗಂಟರಾದರೂ ಸಾವಿನ ಮನೆಯಲ್ಲಿ ಲೆಕ್ಕ ಕೇಳುವವರಲ್ಲ. ಎಲ್ಲರೂ ಎದ್ದು ಹೊರಡುತ್ತಿದ್ದಾಗ ಮೆಹಬೂಬಸಾಬನ ನೆರೆಮನೆಯ ವಿರೂಪಾಕ್ಷಮ್ಮ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು. ಆಕೆ ಕಿನ್ನಾಳದ ಗೊಂಬೆಗಳಿಗೆ ಬಣ್ಣ ಬರೆಯುವ ಹೆಂಗಸು, ಮರುಕದ ಕರುಳಿನವಳು.

"ಹಂಗಾರ ಕಂಪನ್ಯಾಗ ಇವತ್ತ ಒಲಿ ಹಚ್ಚಂಗಿಲ್ಲಲ್ರಿ? ಊಟಕ್ಕ ಏನ್ ಮಾಡ್ತಾರ, ಪಾಪ?"

ಈ ಪ್ರಶ್ನೆಯನ್ನು ಕಂಪನಿಯ ದೊಡ್ಡ ದೊಡ್ಡ ವಕೀಲರು ಕೂಡ ಯೋಚಿಸಿರಲಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಹೊರೆಯವರು ಬುತ್ತಿ ಒಯ್ದು ಉಣ್ಣಿಸಬೇಕು. ಹಿಂದೂಗಳಿರಲಿ ಮುಸಲ್ಮಾನರಿರಲಿ ನಮ್ಮಲ್ಲಿ ಇದು ನಡೆದುಕೊಂಡು ಬಂದದ್ದು. ಮರುದಿನ ವಿರೂಪಾಕ್ಷಮ್ಮ ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿ ಕಟ್ಟಿಕೊಂಡು ಮೆಹಬೂಬಸಾಬನ ಟಂಟಂ ಹತ್ತಿ ಗಿಣಿಗೇರಾ ರಸ್ತೆಯ ಕಂಪನಿ ಕಚೇರಿಗೆ ಹೋದಳು. ಕಂಪನಿ ಉಂಡಿತು. ದುಃಖದಲ್ಲೂ ಎರಡನೆಯ ಸಲ ಬಡಿಸಿಕೊಂಡಿತು.

ಅದರ ಮರುದಿನ ನಾನು ಬರೆದ ಪ್ರಕಟಣೆ ಹೀಗಿತ್ತು:

"ಭಾಗ್ಯಧಾರಾ ಕಂಪನಿಯು ಶೋಕದಲ್ಲಿರುವ ಕಾರಣ ಅಲ್ಲಿ ಒಲೆ ಹೊತ್ತಿಸುವಂತಿಲ್ಲ. ಆದ್ದರಿಂದ ಸಾರ್ವಜನಿಕರು ಸ್ವಇಚ್ಛೆಯಿಂದ, ತಪ್ಪದೆ, ಸರದಿಯಂತೆ ಬುತ್ತಿ ತಲುಪಿಸತಕ್ಕದ್ದು. ಬುತ್ತಿ ಬಿಸಿಯಾಗಿರತಕ್ಕದ್ದು. ತರುವವರು ದಾರಿಯಲ್ಲಿ ನಗತಕ್ಕದ್ದಲ್ಲ. ಬಂಕಿನ ದರದ ಫಲಕ ನೋಡಿ ಬಿಡುವ ನಿಟ್ಟುಸಿರನ್ನು ಸಂತಾಪವೆಂದು ಪರಿಗಣಿಸಲಾಗುವುದು."

ಸರದಿ ಶುರುವಾಯಿತು. ಕುಷ್ಟಗಿಯವರು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಂದರು. ಯಲಬುರ್ಗಾದವರು ಮಡಿಕೆ ಕಾಳಿನ ಪಲ್ಯ ತಂದರು. ಗಂಗಾವತಿಯವರು ತಮ್ಮ ಗದ್ದೆಯ ಅಕ್ಕಿಯ ಅನ್ನ ತಂದರು, ಬರುವಷ್ಟರಲ್ಲಿ ಅದು ಆರಿದ್ದರಿಂದ ಅವರಿಗೆ ಕಾರಣ ಕೇಳಿ ನೋಟಿಸು ಹೋಯಿತು. ಕಂಪನಿ ತನ್ನ ಕ್ಯಾಂಟೀನು ಮುಚ್ಚಿತು. ಅದರಿಂದ ಆದ ಉಳಿತಾಯ ಲಾಭವಲ್ಲವೇ ಎಂದು ನಾನು ಸುಮ್ಮನೆ ಕೇಳಿದೆ. ಸಿದ್ದೇಶ ನನ್ನನ್ನು ಮಸಣದಲ್ಲಿ ಸೀಟಿ ಹೊಡೆದವನನ್ನು ನೋಡುವ ಹಾಗೆ ನೋಡಿದರು.

ಸೂತಕ ಎಷ್ಟು ದಿನ ಎಂಬ ಪ್ರಶ್ನೆ ಬಂತು. ಮನುಷ್ಯರಿಗಾದರೆ ಅವರವರ ಜಾತಿ ಮತಕ್ಕೆ ತಕ್ಕ ಲೆಕ್ಕವಿದೆ, ಲಾಭಕ್ಕೆ ಮುಂದಿನ ತ್ರೈಮಾಸಿಕ ಫಲಿತಾಂಶದವರೆಗೆ ಎಂದು ದಾನೇಶ್ವರಿ ಮೇಡಂ ತಿಳಿಸಿದರು. ಫಲಿತಾಂಶ ಬಂತು. ಲಾಭ ಮತ್ತೆ ಏರಿತ್ತು, ಆದರೆ ಏರಬೇಕೆಂದುಕೊಂಡಷ್ಟು ಏರಿರಲಿಲ್ಲ. ಹೀಗೆ ಮನೆಯಲ್ಲಿ ಎರಡನೆಯ ಸಾವಾಯಿತು, ಸೂತಕ ಮುಂದುವರಿಯಿತು. ಕಂಪನಿಯ ಅಡುಗೆಭಟ್ಟರನ್ನು ಮನೆಗೆ ಕಳಿಸಿಬಿಟ್ಟರು.

ಈ ನಡುವೆ ಮೆಹಬೂಬಸಾಬನ ಟಂಟಂ ತುಂಬತೊಡಗಿತು. ಮುಂಜಾನೆ ಕಾರ್ಖಾನೆಯ ಆಳುಗಳು, ಮಧ್ಯಾಹ್ನ ತಲೆಯ ಮೇಲೆ ಬುತ್ತಿ ಹೊತ್ತ ಹೆಂಗಸರು. ಹಳೆಯ ದರದಲ್ಲೇ ಒಯ್ದ. ಆದರೂ ಡೀಸೆಲ್ ಖರ್ಚು ಕಳೆದು ಏನೋ ಸ್ವಲ್ಪ ಉಳಿಯಿತು. ಬೋಳಾಗಿದ್ದ ಹಿಂದಿನ ಟೈರು ಬದಲಾಯಿಸಿದ. ಗಾಡಿ ಮಾರುವ ಮಾತು ನಿಲ್ಲಿಸಿದ. ಅವನ ಹೆಂಡತಿ ಖೈರುನಬಿಗೆ ಮಾತ್ರ ಸಮಾಧಾನವಿರಲಿಲ್ಲ.

"ಸತ್ತ ಮನಿ ದಾರ್ಯಾಗ ಗಳಿಸಿದ್ದು ನಮಗ ದಕ್ಕತೈತೇನ್ರಿ?"

"ನಾ ಏನ್ ಕದ್ದೀನೇನು? ಸೀಟಿಗಿಷ್ಟು ಅಂತ ಕೈ ಮ್ಯಾಲೆ ಕೊಟ್ಟಾರ, ತಗೊಂಡೀನಿ," ಎಂದ ಮೆಹಬೂಬಸಾಬ.

ಖೈರುನಬಿಯ ಅಂಜಿಕೆ ನಿಜವಾಯಿತು. ವಿಚಾರಣೆ ಮುಗಿಯುವ ಮೊದಲೇ ತೆರಿಗೆಯ ಪ್ರಮಾಣ ಗೊತ್ತು ಮಾಡಿ ಕೂತಿದ್ದ ಮೇಲಿನವರು ಮಂಡಳಿಗೆ ಒಂದು ಪ್ರಶ್ನೆ ಕಳಿಸಿದರು: ಅತಿಲಾಭ ತೆರಿಗೆ ಎಷ್ಟು ವಸೂಲಾಯಿತು? ಏನೂ ಇಲ್ಲ ಎಂದು ಬರೆಯಲು ಬರುವುದಿಲ್ಲ, ಹಾಕುತ್ತೇವೆಂದ ತೆರಿಗೆಯನ್ನು ಯಾರಿಗೂ ಹಾಕದಿದ್ದರೆ ಸರ್ಕಾರದ ಮರ್ಯಾದೆ ಏನಾಗಬೇಕು? ಸಿದ್ದೇಶ ಮೂರು ದಿನ ಊಟ ಸೇರದೆ ಕುಳಿತು ಅತಿಲಾಭಕ್ಕೆ ಕಟ್ಟುನಿಟ್ಟಾದ ವ್ಯಾಖ್ಯೆ ಬರೆದರು. "ಮತ್ತೊಬ್ಬರ ಸಂಕಟದ ಕಾಲದಲ್ಲಿ, ತನ್ನ ಯೋಜನೆಯಾಗಲಿ ಮುಂದಾಲೋಚನೆಯಾಗಲಿ ಇಲ್ಲದೆ, ತಾನಾಗಿ ಒದಗಿ ಬಂದ ಲಾಭ." ಈ ವ್ಯಾಖ್ಯೆ ಹಿಡಿದು ಜಿಲ್ಲೆಯನ್ನೆಲ್ಲ ಜಾಲಾಡಿದೆವು. ಕಂಪನಿಗೆ ಯೋಜನೆ ಇತ್ತು, ಮುಂದಾಲೋಚನೆ ಇತ್ತು. ಸಂಕಟವೂ ಅದರದ್ದೇ ಆಗಿತ್ತು. ಕೊನೆಗೆ ವ್ಯಾಖ್ಯೆಗೆ ಸರಿಯಾಗಿ ಕೂತವನು ಒಬ್ಬನೇ.

ಕಿನ್ನಾಳಕ್ಕೆ ಸಿದ್ದೇಶರ ಜೊತೆ ನಾನೂ ಹೋಗಿದ್ದೆ. ಮೆಹಬೂಬಸಾಬ ಹೊರಸು ಹಾಕಿ ಕೂಡಿಸಿದ, ಖೈರುನಬಿ ಚಹಾ ತಂದಳು. ಸಿದ್ದೇಶ ಚಹಾ ಕುಡಿದು ಆದೇಶ ಓದಿದರು.

"ಅಲ್ರಿ ಸಾಹೇಬ್ರ, ಬುತ್ತಿ ಒಯ್ಯಾಕ ಹೇಳಿದವ್ರು ನೀವು. ಜನ ಗಾಡಿ ಹತ್ತಿದ್ದು ನಿಮ್ಮ ಆದೇಶಕ್ಕ."

"ಅದನ್ನೇ ನಾವೂ ಬರದೀವಿ. ಇದರಾಗ ನಿಮ್ಮ ದುಡಿಮಿ ಏನೂ ಇಲ್ಲ, ಲಾಭ ತಾನಾಗೇ ಬಂದೈತಿ."

"ನಾನೂ ಮುಂಜಾನೆ ಏಳ್ತೀನ್ರಿ! ಐದಕ್ಕ ಏಳ್ತೀನಿ!"

ಸಿದ್ದೇಶ ನಿಯಮದ ಪುಟ ತಿರುವಿ ನೋಡಿದರು. ಅವರು ಅನ್ಯಾಯ ಮಾಡುವವರಲ್ಲ, ನಿಜವಾಗಿಯೂ ಹುಡುಕಿದರು.

"ಆರಕ್ಕ ಎದ್ರ ದುಡಿಮಿ ಅಂತ ಐತ್ರಿ. ಐದರದ್ದು ಇಲ್ಲಿ ಬರದಿಲ್ಲ. ಅದು ನಿಮ್ಮ ರೂಢಿ ಅಂತ ತಿಳ್ಕೋಬೇಕಾಕೈತಿ."

ಮೆಹಬೂಬಸಾಬ ಕೂಗಾಡಿದ. ಕಂಪನಿಗೆ ಹಾಕುವ ತೆರಿಗೆ ನನ್ನ ತಲೆಗೆ ಕಟ್ಟುತ್ತೀರಲ್ಲ, ನಿಮಗೆ ದೇವರಿಲ್ಲವೇ ಎಂದ. ತೆರಿಗೆಯ ಪ್ರಮಾಣ ಕಂಪನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಗೊತ್ತು ಮಾಡಿದ್ದು ಹೌದು. ಆದರೆ ಕಾನೂನಿನ ಮುಂದೆ ಎಲ್ಲರೂ ಸಮಾನರಾದ್ದರಿಂದ ಟಂಟಂಗೆ ಬೇರೆ ಪ್ರಮಾಣ ಇಡಲು ಬರುತ್ತಿರಲಿಲ್ಲ. ಆತ ಕಟ್ಟಲಾರದೆ ಹೋದ. ಗಾಡಿಯನ್ನು ಜಪ್ತಿ ಮಾಡಲಾಯಿತು. ಹೊಸ ಟೈರು ಇದ್ದದ್ದರಿಂದ ಎಳೆದುಕೊಂಡು ಹೋಗುವುದು ಸುಲಭವಾಯಿತು. ಖೈರುನಬಿ ಓಣಿಯ ಕೊನೆಯವರೆಗೂ ಗಾಡಿಯ ಹಿಂದೆ ನಡೆದು ಬಂದಳು, ಸೀಟಿನ ಕೆಳಗಿಟ್ಟಿದ್ದ ಗಂಡನ ಸ್ವೆಟರು ಕೇಳಿ ಇಸಿದುಕೊಂಡಳು. ಅದನ್ನು ನೋಡಿ ನನಗೆ ಸಂಕಟವಾಯಿತು. ಆದರೆ ಜಿಲ್ಲೆಯಲ್ಲಿ ಸಂಕಟಪಡಲು ಮಂಜೂರಾತಿ ಪಡೆದ ಸಂಸ್ಥೆ ಒಂದೇ, ಆದ್ದರಿಂದ ಅದನ್ನು ಕಡತದಲ್ಲಿ ನಮೂದಿಸಲಿಲ್ಲ.

ಗಾಡಿ ಹೋದ ವಾರದಲ್ಲಿ ಮೆಹಬೂಬಸಾಬನ ಮನೆಯ ಒಲೆ ಆರಿತು. ಒಂದು ಮಧ್ಯಾಹ್ನ ವಿರೂಪಾಕ್ಷಮ್ಮ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಗಂಡ ಹೆಂಡತಿಯ ಮುಂದೆ ಇಟ್ಟಳು.

"ಉಣ್ರಿ ಮೆಹಬೂಬಣ್ಣ. ಒಲಿ ಹಚ್ಚದ ಮನಿಗೆ ಬುತ್ತಿ ತರೂದು ನನ್ನ ಧರ್ಮ."

ಅವರು ತಟ್ಟೆಗೆ ಕೈಯಿಡಬೇಕು, ಅಷ್ಟರಲ್ಲಿ ದಾನೇಶ್ವರಿ ಮೇಡಂ ಅವರ ಕಾರು ಬಂದು ನಿಂತಿತು. ಹಿಂದೆ ಸಿದ್ದೇಶ, ಅವರ ಹಿಂದೆ ನಾನು. ಮೇಡಂ ತಲೆಯ ಮೇಲೆ ಸೆರಗಿತ್ತು. ತನ್ನ ದುಃಖ ಕೇಳಿ ಮಾತಾಡಿಸಲು ಬಂದಿದ್ದಾರೆಂದು ತಿಳಿದು ಮೆಹಬೂಬಸಾಬನ ಕಣ್ಣು ತುಂಬಿ ಬಂತು. ಚಾಪೆ ಹಾಸಿದ.

"ಬರ್ರಿ, ಬರ್ರಿ. ನಮ್ಮ ಗಾಡಿ ಹೋತು ನೋಡ್ರಿ ಯವ್ವಾ."

"ಅದಕ್ಕ ಬಂದೀವಿ," ಎಂದು ದಾನೇಶ್ವರಿ ಮೇಡಂ ಗದ್ಗದಿತರಾದರು. "ನಮಗೂ ಭಾಳ ನಷ್ಟ ಆತು. ದಿನಾ ನಮ್ಮ ಡೀಸೆಲ್ ಹಾಕಿಸ್ಕೊಂತಿತ್ತು ಆ ಗಾಡಿ. ಇನ್ನ ಎಷ್ಟು ವರ್ಷ ಹಾಕಿಸ್ಕೊಂತಿತ್ತೋ ಏನೋ."

ಸಿದ್ದೇಶ ವಿವರಿಸಿದರು. ಆ ಟಂಟಂನಿಂದ ಮುಂದೆ ಬರಬೇಕಾಗಿದ್ದ ಲಾಭವೆಲ್ಲ ಈ ಅಂಗಳದಲ್ಲೇ ತೀರಿಕೊಂಡದ್ದರಿಂದ, ನಿಯಮದ ಪ್ರಕಾರ, ಸಾವಿನ ಮನೆ ಇದೇ. ಸಂತಾಪ ಪಡೆಯಬೇಕಾದ ಕುಟುಂಬ ಮಾತ್ರ ಕಂಪನಿ. ಮೆಹಬೂಬಸಾಬ ಸಿದ್ದೇಶರ ಮುಖ ನೋಡಿದ, ಹೆಂಡತಿಯ ಮುಖ ನೋಡಿದ.

ಮೇಡಂ ಬುತ್ತಿಯನ್ನೇ ನೋಡುತ್ತಿದ್ದರು. ಮನೆಗೆ ಬಂದ ದುಃಖದವರನ್ನು ಹಸಿದು ಕೂರಿಸುವುದು ಆ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಖೈರುನಬಿ ತನ್ನ ತಟ್ಟೆಯನ್ನು ಅವರ ಮುಂದೆ ಸರಿಸಿದಳು. ಮೆಹಬೂಬಸಾಬ ತನ್ನದನ್ನು ಸಿದ್ದೇಶರಿಗೆ ಕೊಟ್ಟು, ಕೈತೊಳೆಯಲು ನೀರು ಹಾಕಿದ. ವಿರೂಪಾಕ್ಷಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದವಳು, ಕೊನೆಗೆ ಬಗ್ಗಿ ಚಟ್ನಿ ಬಡಿಸಿದಳು. ನನಗೂ ಅರ್ಧ ರೊಟ್ಟಿ ಬಂತು, ನಾನೂ ತಿಂದೆ. ಚಟ್ನಿ ಖಾರವಾಗಿತ್ತು. ಮೇಡಂ ಕಣ್ಣಲ್ಲಿ ನೀರು ಬಂತು.

ಅದನ್ನು ಕಂಡು ಖೈರುನಬಿ ಅವರ ಬೆನ್ನ ಮೇಲೆ ಕೈಯಾಡಿಸಿದಳು.

"ಅಳಬ್ಯಾಡ್ರಿ ಯವ್ವಾ. ಹೋದದ್ದು ಹೋತು. ನಿಮಗ ಇನ್ನೊಂದು ಹುಟ್ಟತೈತಿ."

ಉಳಿದ ಎರಡು ರೊಟ್ಟಿಗಳನ್ನು ಮೆಹಬೂಬಸಾಬ ಬಟ್ಟೆಯಲ್ಲಿ ಕಟ್ಟಿ ಕಾರಿನೊಳಗೆ ಇಟ್ಟು ಬಂದ. ಕಂಪನಿಯಲ್ಲಿ ರಾತ್ರಿಗೂ ಒಲೆ ಹಚ್ಚುವಂತಿರಲಿಲ್ಲ.