ಸಿದ್ದರಾಜುವಿನ ಗುಟ್ಟಿನ ಪ್ರಿಂಟರು

ಜಫರ್ ಅವತ್ತು ಬಾಯಿ ಮುಚ್ಚಿಕೊಂಡು ಪ್ರಿಂಟು ಕೊಟ್ಟಿದ್ದರೆ ಈ ರಗಳೆ ಯಾವುದೂ ಆಗುತ್ತಿರಲಿಲ್ಲ. ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಎದುರಿಗೆ ಅವನ ಜೆರಾಕ್ಸ್ ಅಂಗಡಿ. ಬಾಬುರಾಯನಕೊಪ್ಪಲಿನ ಸಿದ್ದರಾಜು, ಸಹಕಾರ ಸಂಘದ ಗುಮಾಸ್ತ, ಮಗಳು ಮಾನಸಳ ಬಯೋಡೇಟಾ ಪ್ರಿಂಟು ಹಾಕಿಸಲು ಅಲ್ಲಿಗೆ ಹೋಗಿದ್ದ. ಹಾಳೆ ಕೈಗಿಡುವಾಗ ಜಫರ್ ಫೋಟೋ ನೋಡಿ, "ಮಾಶಾಲ್ಲಾ, ಮಗ್ಳು ಬೋ ಲಕ್ಷಣವಾಗವ್ಳೆ ಸಾರ್. ಯಾವೂರ ಗಂಡು?" ಅಂದುಬಿಟ್ಟ.

ಅಷ್ಟೇ ನೋಡಿ. ಅದಾಗಿ ಸ್ವಲ್ಪ ದಿನಕ್ಕೆ ಪಾಂಡವಪುರದ ಗಂಡಿನ ಕಡೆಯವರು ಈ ಸಂಬಂಧ ಬೇಡ ಅಂದರು. ಯಾಕೆ ಅಂತ ಕೇಳಿದ್ದಕ್ಕೆ, "ಯಾಕೆ ಅಂತ ಹುಡುಗಿ ಅಪ್ಪನಿಗೇ ಗೊತ್ತಲ್ಲ" ಅಂದರಂತೆ. ಸಿದ್ದರಾಜುವಿಗೆ ಏನು ಗೊತ್ತು, ಮಣ್ಣು? ಅವನಿಗೆ ಗೊತ್ತಿದ್ದದ್ದು ಒಂದೇ. ಕೂಡಿ ಬರುವ ಸಂಬಂಧಕ್ಕೆ ಕಲ್ಲು ಹಾಕುವವರು ಊರ ತುಂಬ ಇರುತ್ತಾರೆ, ಅವರ ಕೈಗೆ ಕಲ್ಲು ಕೊಟ್ಟವನು ಜಫರ್. ಮಗಳ ಫೋಟೋ ಅವನ ಕಂಪ್ಯೂಟರಿನಲ್ಲಿ ಇನ್ನೂ ಕೂತಿದೆಯಲ್ಲ, ಬಂದವರಿಗೆಲ್ಲ ತೋರಿಸದೆ ಇರುತ್ತಾನೆಯೆ?

ಈಗ ನಾಗಮಂಗಲದ ಸಂಬಂಧ ಬಂದಿತ್ತು. ಹುಡುಗ ನಾಗಾರ್ಜುನ, ಹೈಸ್ಕೂಲು ಮೇಷ್ಟ್ರು. ಒಂದು ದುಶ್ಚಟವಿಲ್ಲ. ಮಾನಸ ಫೋಟೋ ನೋಡಿ ಎರಡು ದಿನ ಸುಮ್ಮಸುಮ್ಮನೆ ನಗುತ್ತ ಓಡಾಡಿದ್ದಳು. ಹೆತ್ತವರಿಗೆ ಅಷ್ಟು ಸಾಲದೆ? ಸಿದ್ದರಾಜು ತಾನೇ ನಾಗಮಂಗಲಕ್ಕೆ ಹೋಗಿ, ಬಾಡಿಗೆ ಮನೆ ಹುಡುಕುವವನ ಸೋಗಿನಲ್ಲಿ ಹುಡುಗನ ಬೀದಿಯಲ್ಲಿ ಮೂರು ಟೀ ಕುಡಿದು ಎಲ್ಲ ವಿಚಾರಿಸಿಕೊಂಡು ಬಂದಿದ್ದ. ಒಬ್ಬರಿಗೂ ಸುಳಿವು ಸಿಕ್ಕಿರಲಿಲ್ಲ ಎಂದು ಹೆಂಡತಿ ಪಾರ್ವತಮ್ಮನ ಮುಂದೆ ಜಂಬ ಕೊಚ್ಚಿದ್ದೂ ಆಗಿತ್ತು.

ಶನಿವಾರ ರಾತ್ರಿ ಮದುವೆ ದಲ್ಲಾಳಿ ಸೋಮಯ್ಯ ಫೋನು ಮಾಡಿದ. "ಹುಡುಗನ ಅಜ್ಜಿ ಮೊಬೈಲ್ನಾಗೆ ಜಾತ್ಕ ನೋಡಕ್ಕಿಲ್ವಂತೆ ಸಿದ್ರಾಜಣ್ಣ. ಕಾಗ್ದದ ಮ್ಯಾಲೆ ಫೋಟೋ, ಜಾತ್ಕ ಎಲ್ಲಾ ಇರ್ಬೇಕಂತೆ. ನಾಳೆ ಸಂಜೆ ಬಂದು ಇಸ್ಕೊಂಡೋಯ್ತೀನಿ."

"ಬೆಳಿಗ್ಗೆ ಜಫರ್ ಅಂಕಲ್ ಹತ್ರ ಹೋದ್ರೆ ಎರಡು ನಿಮಿಷದ ಕೆಲಸ ಅಪ್ಪ" ಅಂದಳು ಮಾನಸ.

"ಅವ್ನ ಅಂಗ್ಡಿ ಮೆಟ್ಲು ನಾನಿನ್ನು ತುಳಿಯಾಕಿಲ್ಲ. ನಾಳೆ ಮೈಸೂರ್ಗೋಗಿ ಪ್ರಿಂಟರ್‍ನೇ ತಂದ್ಬುಡ್ತೀನಿ."

"ವರ್ಷಕ್ಕೆ ನಾಲ್ಕು ಹಾಳೆ ಪ್ರಿಂಟ್ ಮಾಡೋ ಮನೆಗೆ ಪ್ರಿಂಟರ್ ಯಾಕಪ್ಪ? ಸುಮ್ನೆ ಇಟ್ರೆ ಅದರ ಇಂಕು ಒಣಗಿಹೋಗುತ್ತೆ."

"ಇಂಕು ಒಣಗಿದ್ರೆ ಒಣಗ್ಲಿ. ಮನೆ ಗುಟ್ಟು ಬೀದಿಗೆ ಬೀಳಬಾರ್ದು."

"ಒಂದು ಲೋಟ ಹಾಲಿಗೆ ಎಮ್ಮೆ ಕಟ್ಟೋ ಬುದ್ಧಿ ನಿಮ್ದು" ಎಂದು ಪಾರ್ವತಮ್ಮ ಲೈಟು ಆರಿಸಿದಳು.

ಭಾನುವಾರ ಅಂಗಡಿ ಬಾಗಿಲು ತೆಗೆಯುವ ಮೊದಲೇ ಸಿದ್ದರಾಜು ಮೈಸೂರಿನಲ್ಲಿದ್ದ. ಜೆರಾಕ್ಸೂ ತೆಗೆಯುವ ಪ್ರಿಂಟರು ಕೊಂಡ. ಡಬ್ಬದ ಮೇಲೆ ಅದರ ಚಿತ್ರ ದೊಡ್ಡದಾಗಿ ಇತ್ತು. ಅದಕ್ಕೂ ತಯಾರಾಗಿಯೇ ಹೋಗಿದ್ದ. ಕಂಕುಳಿಂದ ಹಳೆಯ ದುಪ್ಪಟಿ ತೆಗೆದು ಡಬ್ಬಕ್ಕೆ ಸುತ್ತಿ ಗಂಟು ಹಾಕಿದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಪಕ್ಕದ ಹೆಂಗಸು, "ಕೂಸಿಗೆ ಜ್ವರವಾ ಅಣ್ಣ?" ಅಂದಳು. ಸಿದ್ದರಾಜು "ಊಂ" ಅಂದ. ಆಕೆ ಅನುಮಾನದಿಂದ ಡಬ್ಬದ ಮೂಲೆ ಮುಟ್ಟಿ ನೋಡಿ ಆ ಕಡೆ ಸರಿದು ಕೂತಳು.

ಕೊಪ್ಪಲಿನ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ಆಟೋ ನಿಲ್ಲಿಸಿಕೊಂಡ ಪಕ್ಕದ ಮನೆಯ ದಿಲೀಪ. "ಏನಣ್ಣ ಅದು?"

"ಮಿಕ್ಸಿ ಕಣ್ಲಾ."

"ಮಿಕ್ಸಿ ಇಷ್ಟು ದಪ್ಪ ಇರ್ತದಾ? ಗ್ರೈಂಡರ್ ಇರ್ಬೇಕು."

"ಊಂ, ಗ್ರೈಂಡರೇ. ನಡಿ ಅತ್ಲಾಗೆ."

ಮನೆಗೆ ಬಂದವನೇ ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡ. ಮಾನಸ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ಇಂಕು ತುಂಬಿ, ಪರದೆಯ ಮೇಲೆ ಬಯೋಡೇಟಾ ತೆರೆದಿಟ್ಟಳು. ಪ್ರಿಂಟರು ಜೀವ ಬಂದಂತೆ ಗರ್ರ್ ಎಂದಿತು, ಟಕಟಕ ಎಂದಿತು, ನಿಂತಿತು, ಮತ್ತೆ ಗರ್ರ್ ಎಂದಿತು.

"ಗ್ರೈಂಡರ್ ಸದ್ದು ಸರಿಯಿಲ್ವಲ್ಲ ಸಿದ್ರಾಜ!" ಎಂಬ ಕೂಗು ಬಾಗಿಲಾಚೆಯಿಂದ ಬಂತು. ಎದುರು ಮನೆಯ ಚಿಕ್ಕಬೋರಮ್ಮ. ವಯಸ್ಸು ಎಪ್ಪತ್ತರ ಮೇಲಾದರೂ ಕಿವಿ ಹದ್ದಿನ ಕಣ್ಣಿಗಿಂತ ಚುರುಕು. ಕಂಕುಳಲ್ಲಿ ನೆನೆಸಿದ ಅಕ್ಕಿಯ ಪಾತ್ರೆ. "ದಿಲೀಪ ಯೋಳ್ದ, ನಿಮ್ಮನೇಲಿ ಗ್ರೈಂಡರ್ ತಂದವ್ರೆ ಅಂತ. ನಮ್ದು ಕೆಟ್ಟು ವಾರಾತು. ಇದೊಂದೀಟು ರುಬ್ಕೊಡವ್ವ ಪಾರ್ವತಿ."

ಪಾರ್ವತಮ್ಮ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಮುದುಕಿ ಕಾಯುವ ಪೈಕಿಯೇ ಅಲ್ಲ. ಬಾಗಿಲು ದೂಡಿಯೇಬಿಟ್ಟಳು.

"ಅಯ್ಯೋ ನನ್ನ ಶಿವ್ನೆ! ಇದು ಜಫರ್ ಸಾಬ್ರ ಅಂಗ್ಡೀಲಿರೋದಲ್ವೇನ್ಲಾ?"

ಸಿದ್ದರಾಜು ಪ್ರಿಂಟರಿನ ಮೇಲೆ ದುಪ್ಪಟಿ ಹೊದಿಸಿದ. ಹೊದಿಸಿ ಏನು ಬಂತು? ಅಕ್ಕಿ ಪಾತ್ರೆ ಹೊತ್ತು ಚಿಕ್ಕಬೋರಮ್ಮ ಬೀದಿಗಿಳಿದಳು, ಸುದ್ದಿ ಅವಳಿಗಿಂತ ಮುಂದೆ ಹೋಯಿತು. ಆಧಾರ್ ಹಿಡಿದವರು, ಪಹಣಿ ಹಿಡಿದವರು, ಮಕ್ಕಳ ಮಾರ್ಕ್ಸ್‌ಕಾರ್ಡು ಹಿಡಿದವರು ಹಜಾರದಲ್ಲಿ ಬಂದು ಕೂತರು. "ಬಸ್‌ಸ್ಟ್ಯಾಂಡ್ ತನಕ ಯಾರೋಯ್ತಾರೆ ಸಿದ್ರಾಜಣ್ಣ, ಮನೆ ಪಕ್ಕದಾಗೇ ಬಂದದಲ್ಲ ಅಂಗ್ಡಿ" ಎಂದ ದಿಲೀಪ, ಲೈಸೆನ್ಸು ಬೀಸಿಕೊಂಡು.

"ಅಂಗ್ಡಿ ಅಲ್ಲ ಕಣ್ಲಾ ಇದು, ಮನೆ!"

"ಅದ್ಕೇ ಮತ್ತೆ ಭಾನ್ವಾರನೂ ತೆಗ್ದಿರೋದು" ಎಂದು ಯಾರೋ ಸಮಾಧಾನ ಹೇಳಿದರು.

ಮೊದಲು ಮಗಳ ಬಯೋಡೇಟಾ ತೆಗೆದು ಬೀರುವಿಗೆ ಸೇರಿಸಬೇಕೆಂದು ಸಿದ್ದರಾಜು ಒಳಗೆ ಓಡಿ ಪ್ರಿಂಟ್ ಒತ್ತಿದ. ಸರಿಯಾಗಿ ಅದೇ ಗಳಿಗೆಗೆ ಕರೆಂಟು ಹೋಯಿತು. ಲ್ಯಾಪ್‌ಟಾಪು ಮಾತ್ರ ಬ್ಯಾಟರಿಯಲ್ಲಿ ಬೆಳಗುತ್ತಿತ್ತು. ಇವನು ಮತ್ತೆ ಒತ್ತಿದ. ಮತ್ತೆ ಮತ್ತೆ ಒತ್ತಿದ.

"ಅಪ್ಪಾ, ಒತ್ತಬೇಡ! ಒತ್ತಿದ್ದೆಲ್ಲ ಒಳಗಡೆ ಸಾಲಾಗಿ ಕೂತ್ಕೊಳ್ಳುತ್ತೆ" ಎಂದಳು ಮಾನಸ.

"ಹೊರಗಡೆ ಕೂತಿರೋ ಸಾಲು ಎಬ್ಬಿಸೋದು ಹೆಂಗೆ ಅಂತ ಯೋಳು ಮೊದ್ಲು."

ಹೊರಗಿನ ಸಾಲು ಏಳುವ ಹಾಗಿರಲಿಲ್ಲ. "ಕರೆಂಟು ಬರ್ಲಿ ಬುಡು, ಕಾಯ್ತೀವಿ" ಎಂದು ಎಲೆಅಡಿಕೆ ತೆಗೆದರು. ಪಾರ್ವತಮ್ಮ ಎರಡು ಸಲ ಕಾಫಿ ಮಾಡಿದಳು, ಮೂರನೆಯ ಸಲಕ್ಕೆ ಹಾಲು ಮುಗಿಯಿತು. ಅಷ್ಟರಲ್ಲಿ ಚಿಕ್ಕಬೋರಮ್ಮ ಅಕ್ಕಿಯನ್ನು ಬೀದಿ ತುದಿಯ ಮನೆಯ ಒರಳಿನಲ್ಲಿ ರುಬ್ಬಿಕೊಂಡು ಬಂದು ಮೂಲೆಯಲ್ಲಿ ಕಾಲು ಚಾಚಿದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಬ್ಬ ಅಪರಿಚಿತ ಬಂದ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು, ಹಣೆಯಲ್ಲಿ ವಿಭೂತಿ. "ಆಧಾರ್ ಒಂದು ಜೆರಾಕ್ಸ್ ಬೇಕಿತ್ತು ಸ್ವಾಮಿ. ಜಫರ್ ಸಾಬ್ರು ನಿಮ್ಮನೆ ತೋರ್ಸಿದ್ರು."

ಸಿದ್ದರಾಜುವಿನ ಕಿವಿ ನೆಟ್ಟಗಾಯಿತು. ಗಿರಾಕಿಯನ್ನು ಇನ್ನೊಬ್ಬನ ಬಾಗಿಲಿಗೆ ಕಳಿಸುವ ಅಂಗಡಿಯವನು ಭೂಮಿ ಮೇಲೆ ಉಂಟೆ? ಇವನು ಜಫರನ ಗೂಢಚಾರನೇ ಸರಿ.

"ಕರೆಂಟಿಲ್ಲ" ಅಂದ.

"ಕಾಯ್ತೀನಿ ಬುಡಿ" ಎಂದು ಆತ ಕೂತ. ಕೂತವನು ಸುಮ್ಮನೆ ಕೂತನೆ? ಕಣ್ಣು ಗೋಡೆಯ ಫೋಟೋಗಳ ಮೇಲೆ, ದೇವರ ಕೋಣೆಯ ಕಡೆಗೆ, ಅಡಿಗೆಮನೆಯ ಬಾಗಿಲಿಗೆ ಹರಿದಾಡಿತು. ಆಮೇಲೆ, "ಒಂದು ಲೋಟ ನೀರು ಕೊಡಿಸ್ತೀರಾ?" ಅಂದ.

ಒಳಗಿನಿಂದ ಮಾನಸ ನೀರು ತರಲು ಎದ್ದ ಸಪ್ಪಳವಾಯಿತು. "ನೀನು ಬರ್ಬ್ಯಾಡ, ಒಳ್ಗೇ ಇರು!" ಎಂದು ಗದರಿ ಸಿದ್ದರಾಜು ತಾನೇ ನೀರು ತಂದು ಕುಕ್ಕಿದ. ಮೂಲೆಯಲ್ಲಿ ಚಿಕ್ಕಬೋರಮ್ಮ ಕೆಮ್ಮಿದಳು.

"ಮಗ್ಳಾ?" ಅಂದ ಆತ. "ಓದು ಮುಗೀತಾ?"

"ಆಧಾರ್ ಎಲ್ಲಿ ಕೊಡಿ, ತೆಗೆದಿಟ್ಕೋತೀನಿ."

ಆತ ಜೇಬು ತಡಕಿದ. ಆ ಜೇಬು, ಈ ಜೇಬು. "ಅಯ್ಯೋ, ಮನೇಲೇ ಬುಟ್ಟು ಬಂದಿವ್ನಿ!"

ಸಿಕ್ಕಿಬಿದ್ದೆಯಲ್ಲ ಮಗನೆ ಎಂದುಕೊಂಡ ಸಿದ್ದರಾಜು. ಚಿಕ್ಕಬೋರಮ್ಮ ಈಗ ಜೋರಾಗಿ ಕೆಮ್ಮುತ್ತ ಇವನಿಗೆ ಕಣ್ಣು ಹೊಡೆಯತೊಡಗಿದ್ದಳು. ಈ ವಯಸ್ಸಿನಲ್ಲಿ ಇದೇನು ಮುದುಕಿಗೆ? ಇವಳೂ ಜಫರನ ಕಡೆಯವಳೇ ಇರಬೇಕು.

"ಮಗ್ಳಿಗೆ ಎಲ್ಲಾದ್ರೂ ಗಂಡು ನೋಡ್ತಿದ್ದೀರಾ?" ಎಂದು ಆತ ಮೆಲ್ಲಗೆ ಕೇಳಿದ.

ಹಾಂ, ಬಂತು ನೋಡಿ ಬಾಯಿಗೆ! ಸಿದ್ದರಾಜು ಇದಕ್ಕೇ ಕಾಯುತ್ತಿದ್ದ. ಇಂಥವರ ಬಾಯಿ ಮುಚ್ಚಿಸುವ ಮದ್ದು ಅವನಲ್ಲಿ ಸಿದ್ಧವಾಗಿತ್ತು. ಹಿಂದೆ ಹಸುವಿಗೆ ಹುಲ್ಲು ಸಿಗುತ್ತದಾ ಎಂದು ಕೇಳಿಕೊಂಡು ಬಂದು ಮನೆಯೊಳಗೆ ಇಣುಕಿದ್ದ ಒಬ್ಬನಿಗೂ ಇದನ್ನೇ ಕುಡಿಸಿ ಕಳಿಸಿದ್ದ.

"ನೋಡಾದೇನು ಬಂತು? ಎಲ್ಲಾ ಗೊತ್ತಾಗೋಗದೆ" ಅಂದ, ಇಡೀ ಹಜಾರಕ್ಕೆ ಕೇಳುವ ಹಾಗೆ. "ನಮ್ಮಕ್ಕನ ಮಗ. ಅರಕೆರೇಲಿ ಗದ್ದೆ, ಮನೆ ಎಲ್ಲಾ ಅದೆ. ಚಿಕ್ಕೋರಿಂದ್ಲೂ ಆಡಿದ್ದ ಮಾತು. ಬರೋ ತಿಂಗ್ಳು ಮದ್ವೆ. ಇನ್ನೇನಾದ್ರೂ ತಿಳ್ಕೋಬೇಕಾ?"

ಚಿಕ್ಕಬೋರಮ್ಮನ ಕೆಮ್ಮು ನಿಂತುಹೋಯಿತು. ಆತ ಲೋಟ ಕೆಳಗಿಟ್ಟು ಎದ್ದು, "ಒಳ್ಳೇದಾಗ್ಲಿ ಸ್ವಾಮಿ" ಎಂದು ಕೈಮುಗಿದು ಹೊರಟುಹೋದ. ಸಿದ್ದರಾಜು ಮೀಸೆ ತೀಡಿಕೊಂಡ. ಮುದುಕಿ ಏನೋ ಹೇಳಬಂದರೆ, "ನಿಮ್ ಕೆಲ್ಸ ನೀವ್ ನೋಡ್ಕಳಿ ಬೋರಮ್ಮತ್ತೆ" ಎಂದು ಒಂದೇ ಏಟಿಗೆ ಬಾಯಿ ಮುಚ್ಚಿಸಿದ.

ಸಂಜೆ ಸೋಮಯ್ಯ ಬರಲಿಲ್ಲ. ಫೋನು ಬಂತು.

"ಸಿದ್ರಾಜಣ್ಣ, ನಿಮ್ಗೇನಾಗದೆ? ಮಗ್ಳಿಗೆ ಗಂಡು ಗೊತ್ತು ಮಾಡ್ಕೊಂಡು ನನ್ನ ಯಾಕೆ ಅಲೆಸ್ತೀರಿ?"

"ಗೊತ್ತು ಮಾಡ್ಕೊಂಡಾ? ಯಾವ ನನ್ಮಗ ಅಂಗಂದೋನು?"

"ನೀವೇ ಅಂದ್ರಂತೆ! ಹುಡುಗನ ಸೋದರಮಾವ ವಿಚಾರಿಸ್ಕೊಂಡು ಬರಕ್ಕೆ ಬಂದಿದ್ರಲ್ಲ. ಆ ಜೆರಾಕ್ಸ್ ಅಂಗ್ಡಿ ಸಾಬ್ರನ್ನ ಕೇಳಿದ್ಕೆ, 'ಚಿನ್ನದಂಥ ಹುಡ್ಗಿ, ಆ ಮನೆ ಬಿಟ್ರೆ ಇನ್ನೊಂದು ಸಿಗಕ್ಕಿಲ್ಲ' ಅಂದು ಮನೆ ತೋರ್ಸಿ ಕಳ್ಸವ್ರೆ. ಬೀದಿ ತುದೀಲಿ ಒಬ್ಬ ಮುದ್ಕಮ್ಮನೂ ಒಳ್ಳೇ ಮಾತಾಡವ್ಳೆ. ಕೊನೆಗೆ ನಿಮ್ಮನೇಗೆ ಬಂದ್ರೆ, ನೀವೇ ಅಕ್ಕನ ಮಗ, ಬರೋ ತಿಂಗ್ಳು ಮದ್ವೆ ಅಂದಿದ್ದೀರಂತೆ!"

ಸಿದ್ದರಾಜು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಲ್ಲೇ ಗೋಡೆಗೊರಗಿ ಕೂತ. "ಸುಳ್ಳು ಯೋಳ್ದೆ ಅಂತ ಅನ್ನಿ ಸೋಮಯ್ಯನೋರೇ. ಕಾಲು ಬೇಕಾದ್ರೆ ಹಿಡ್ಕೋತೀನಿ."

"ಸುಳ್ಳೇ ಇರ್ಬೇಕು ಅಂತ ನಾನೂ ಅಂದು ನೋಡ್ದೆ. ಮಗ್ಳ ಮದ್ವೆ ವಿಷ್ಯದಾಗೇ ಇಷ್ಟು ಸುಳ್ಳು ಯೋಳೋ ಬೀಗ್ರು ನಮ್ಗೆ ಬ್ಯಾಡ ಅಂದ್ರು. ಪಾಂಡವಪುರದೋರೂ ಇದ್ನೇ ಅಂದಿದ್ರು, ಹುಲ್ಲು ಕೇಳೋ ನೆಪ್ದಾಗೆ ಬಂದಿದ್ರೆ ಹುಡುಗಿ ಅಪ್ಪನೇ ಗಂಡು ಗೊತ್ತಾಗದೆ ಅಂದ ಅಂತ. ನಾನು ನಂಬಿರ್ಲಿಲ್ಲ, ಬುಡಿ."

ಫೋನು ಕಟ್ಟಾಯಿತು.

"ಕಣ್ಣು ಹೊಡ್ದೂ ಹೊಡ್ದೂ ನನ್ನ ರೆಪ್ಪೆ ನೋಯ್ತಾವೆ" ಎಂದು ಮೂಲೆಯಿಂದ ಚಿಕ್ಕಬೋರಮ್ಮ ಕೂಗಿದಳು. "ಅಕ್ಕಿ ರುಬ್ಬಾಕೆ ಹೋಗಿದ್ದಾಗ ಆ ಯಪ್ಪ ನನ್ ತಾವ ವಿಚಾರಿಸ್ದ, ಆಗ್ಲೇ ಗುರ್ತು ಹಿಡ್ದಿದ್ದೆ ಕಣ್ಲಾ! ನಿನ್ ಮಗ್ಳಿಗೆ ಕಲ್ಲು ಹಾಕಾಕೆ ಬ್ಯಾರೆಯೋರು ಬೇಕೇನ್ಲಾ? ನೀನೇ ಸಾಕು."

ಬಾಗಿಲಲ್ಲಿ ಮಾನಸ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಎರಡು ನಿಮಿಷದ ಕೆಲಸ ಅಂದಿದ್ನಲ್ಲಪ್ಪ" ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಸಿದ್ದರಾಜುವಿಗೆ ಅವಳ ಮುಖ ನೋಡಲಾಗಲಿಲ್ಲ.

ಆಗ ಕರೆಂಟು ಬಂತು.

ಒಳಕೋಣೆಯಲ್ಲಿ ಗರ್ರ್, ಟಕಟಕ. ಮಾನಸಳ ನಗುಮುಖ, ಗೋತ್ರ, ನಕ್ಷತ್ರ, ಎತ್ತರ ಎಲ್ಲ ಹೊತ್ತು ಒಂದು ಹಾಳೆ ಹೊರಬಿತ್ತು. ಹಿಂದೆಯೇ ಇನ್ನೊಂದು. ಇವನು ಒತ್ತಿದ್ದಷ್ಟೂ ಒಂದರ ಹಿಂದೊಂದು ಬಂದವು. ಸಿದ್ದರಾಜು ಓಡಿದ, ಯಾವ ಗುಂಡಿ ಒತ್ತಿದರೂ ನಿಲ್ಲಲಿಲ್ಲ. ಹಜಾರವೆಲ್ಲ ಒಳಗೆ ನುಗ್ಗಿತು. ದಿಲೀಪನ ಕೈಯಲ್ಲಿ ಒಂದು ಹಾಳೆ, ಪಹಣಿಯವನ ಕೈಯಲ್ಲಿ ಒಂದು.

"ಆಗಿದ್ದಾಯ್ತು. ಎಲ್ರೂ ಒಂದೊಂದು ಇಟ್ಕಳಿ, ನಮ್ ಕಡೆ ಗಂಡು ನೋಡಾಣ" ಅಂದಳು ಚಿಕ್ಕಬೋರಮ್ಮ. "ಲೇ ಸಿದ್ರಾಜ, ಇನ್ನು ಯಾರಾರ ಗುರ್ತಿಲ್ಲದೋರು ಬಾಗ್ಲಿಗೆ ಬಂದ್ರೆ ಮರ್ಯಾದೆಯಿಂದ ಮಾತಾಡು."

ಅವಳ ಮಾತು ಮುಗಿಯುವುದಕ್ಕೂ ಬಾಗಿಲಲ್ಲಿ ಒಬ್ಬ ಅಪರಿಚಿತ ಯುವಕ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಸಿದ್ದರಾಜು ಹಾರಿಬಿದ್ದು ಎದುರಿಗೆ ಓಡಿದ. "ಬನ್ನಿ ಸ್ವಾಮಿ, ಬನ್ನಿ! ಕೂತ್ಕಳಿ. ಮಾನಸಾ, ನೀರು ತಗೊಂಬಾರವ್ವ! ನೋಡಿ, ನಮ್ ಹುಡ್ಗಿಗೆ ಯಾವ್ದೂ ಗೊತ್ತಾಗಿಲ್ಲ, ಅಕ್ಕನ ಮಗ ಅಂತ ಯಾರೂ ಇಲ್ಲ, ನನ್ಗೆ ಅಕ್ಕನೇ ಇಲ್ಲ, ದೇವ್ರಾಣೆ. ಇಗೋ, ಬಯೋಡೇಟಾ. ಇನ್ನೂ ಬೇಕಾ? ಬೇಕಾದಷ್ಟವೆ."

ಯುವಕ ಹಾಳೆಯನ್ನೂ ಇವನನ್ನೂ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅವನ ಹೆಗಲಲ್ಲಿ ಹಗ್ಗ, ಸೊಂಟದಲ್ಲಿ ಕಟಿಂಗ್ ಪ್ಲೇಯರು ತೂಗುತ್ತಿದ್ದವು.

"ನನ್ಗೆ ಮದ್ವೆಯಾಗಿ ಎರಡು ಮಕ್ಳವ್ರೆ ಸಾ" ಅಂದ. "ಕರೆಂಟು ಸರಿಯಾಗಿ ಬಂತಾ ಅಂತ ಕೇಳಕ್ಕೆ ಬಂದೆ."